ಕಣ್ಣಿನ ಚಿತ್ರಣಕ್ಕೆ ಅಧಿಕ ಆವರ್ತನದ ಅಲ್ಟ್ರಾಸೌಂಡ್ ಟ್ರಾನ್ಸ್‌ಡ್ಯೂಸರ್: ಮೊದಲ ಲೆಕ್ಕದಿಂದ ಕೊನೆಯ ಪರೀಕ್ಷೆಯವರೆಗೆ ಸಮಗ್ರ ಮಾರ್ಗದರ್ಶಿ

ಕಣ್ಣಿಗಾಗಿ ಟ್ರಾನ್ಸ್‌ಡ್ಯೂಸರ್ (ವಿದ್ಯುತ್ತನ್ನು ಶಬ್ದದಲೆಯಾಗಿಸಿ, ಮರಳುವ ಪ್ರತಿಧ್ವನಿಯನ್ನು ಮತ್ತೆ ವಿದ್ಯುತ್ತಾಗಿಸುವ ಸಾಧನ) ರೂಪಿಸಲು ಹೊರಟವರು ಬಹುತೇಕ ಮೊದಲು ಕೇಳುವುದು ‘ಎಷ್ಟು ಮೆಗಾಹರ್ಟ್ಸ್?’ ಎಂದು. ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಕಣ್ಣಿನ ಯಾವ ಭಾಗವನ್ನು ನೋಡಬೇಕು, ಅದು ಎಷ್ಟು ಆಳದಲ್ಲಿದೆ, ಅಲ್ಲಿ ಎಷ್ಟು ಸಣ್ಣ ವಿವರ ಕಾಣಿಸಬೇಕು ಎಂಬ ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ವಿನ್ಯಾಸ ಕಣ್ಣಿನಿಂದ ಹೊರಟು ಹಿಮ್ಮುಖವಾಗಿ ಸ್ಫಟಿಕದ (ಟ್ರಾನ್ಸ್‌ಡ್ಯೂಸರ್‌ನೊಳಗೆ ಮಿಡಿದು ಶಬ್ದ ಹುಟ್ಟಿಸುವ ವಸ್ತುವಿನ) ಕಡೆಗೆ ಬರಬೇಕು. ಹೀಗೆ ಬಂದರೆ ಆವರ್ತನ, ಅಗಲ, ವಸ್ತು, ಪದರಗಳ ದಪ್ಪ ಎಲ್ಲವೂ ಒಂದರಿಂದ ಒಂದು ತಾವಾಗಿಯೇ ನಿರ್ಧಾರವಾಗುತ್ತವೆ. ಈ ಮಾರ್ಗದರ್ಶಿಯಲ್ಲಿ ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ನಡೆಯೋಣ: ಕಣ್ಣಿನ ಮುಂಭಾಗವನ್ನು, ಅಂದರೆ ಕಾರ್ನಿಯಾ, ಐರಿಸ್ ಮತ್ತು ಅವೆರಡು ಸೇರುವ ಕೋನವನ್ನು ನೋಡುವ, ಒಂದೇ ಅಂಶವುಳ್ಳ (ಶಬ್ದ ಹುಟ್ಟಿಸುವ ಒಂದೇ ತುಣುಕುಳ್ಳ) ಟ್ರಾನ್ಸ್‌ಡ್ಯೂಸರ್.

ಹಂತ 1: ಕಣ್ಣನ್ನು ಅಳತೆಗಳಲ್ಲಿ ಬರೆದುಕೊಳ್ಳಿ

ವಯಸ್ಕರ ಕಣ್ಣಿನ ಮುಂದಿನಿಂದ ಹಿಂದಿನವರೆಗಿನ ಉದ್ದ ಸುಮಾರು 24 ಮಿಲಿಮೀಟರ್. ಕಾರ್ನಿಯಾದ ದಪ್ಪ ನಡುವಿನಲ್ಲಿ ಸುಮಾರು 540 ಮೈಕ್ರಾನ್, ಅದರ ಮುಂಭಾಗದ ವಕ್ರತೆಯ ತ್ರಿಜ್ಯ 7.8 ಮಿಲಿಮೀಟರ್ ಆಸುಪಾಸು, ಅದರ ಹಿಂದಿನ ದ್ರವ ತುಂಬಿದ ಕೋಣೆಯ ಆಳ ಸುಮಾರು 3 ಮಿಲಿಮೀಟರ್. ಕಣ್ಣಿನೊಳಗಿನ ದ್ರವದಲ್ಲಿ ಶಬ್ದದ ವೇಗ ಸೆಕೆಂಡಿಗೆ 1532 ಮೀಟರ್ ಎಂದೂ ಮಸೂರದಲ್ಲಿ 1641 ಮೀಟರ್ ಎಂದೂ ಹಿಡಿಯುವುದು ರೂಢಿ. ಮೊದಲ ಲೆಕ್ಕಗಳಿಗೆ 1540 ಮೀಟರ್ ಸಾಕು.

ಆಳ ಎಂಬ ಒಂದು ಸಂಗತಿಯೇ ಎಷ್ಟನ್ನು ನಿರ್ಧರಿಸುತ್ತದೆ ನೋಡಿ. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಶಬ್ದದ ಕ್ಷೀಣತೆ ಆವರ್ತನದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 10 ಮೆಗಾಹರ್ಟ್ಸ್‌ನಲ್ಲಿ ಸೆಂಟಿಮೀಟರಿಗೆ ಸುಮಾರು 0.22 ಡೆಸಿಬೆಲ್ ಇದ್ದದ್ದು 50 ಮೆಗಾಹರ್ಟ್ಸ್‌ನಲ್ಲಿ 5.4 ಡೆಸಿಬೆಲ್ ಆಗುತ್ತದೆ. ರೆಟಿನಾದವರೆಗೆ ಹೋಗಿ ಮರಳುವ 48 ಮಿಲಿಮೀಟರ್ ದಾರಿಯಲ್ಲಿ 10 ಮೆಗಾಹರ್ಟ್ಸ್ ಅಲೆಗೆ ಬರೀ ನೀರಿನಲ್ಲೇ ಸುಮಾರು 1 ಡೆಸಿಬೆಲ್ ನಷ್ಟವಾದರೆ, 50 ಮೆಗಾಹರ್ಟ್ಸ್ ಅಲೆಗೆ ಸುಮಾರು 26 ಡೆಸಿಬೆಲ್ ನಷ್ಟ. ಇದರ ಮೇಲೆ ಮಸೂರದ ನಷ್ಟ ಬೇರೆ. ಹೀಗಾಗಿಯೇ ಕಣ್ಣಿನ ಹಿಂಭಾಗದ ಸಾಮಾನ್ಯ ಬಿ-ಸ್ಕ್ಯಾನ್ (ಪ್ರತಿಧ್ವನಿಗಳಿಂದ ಕಟ್ಟಿದ ಅಡ್ಡಕೊಯ್ತದ ಚಿತ್ರ) 10ರಿಂದ 20 ಮೆಗಾಹರ್ಟ್ಸ್‌ನಲ್ಲಿ ಉಳಿದಿದೆ. 35ರಿಂದ 50 ಮೆಗಾಹರ್ಟ್ಸ್ ಮತ್ತು ಅದಕ್ಕೂ ಮೇಲಿನದು ಮುಂಭಾಗಕ್ಕೆ ಮೀಸಲಾಗಿದೆ. ಮಂಟ್ ಮತ್ತು ಹ್ಯೂಸ್ 1956ರಲ್ಲಿ ಕಣ್ಣಿಗೆ ಎ-ಸ್ಕ್ಯಾನ್ (ಒಂದೇ ಗೆರೆಯುದ್ದಕ್ಕೂ ಬರುವ ಪ್ರತಿಧ್ವನಿಗಳ ಅಳತೆ) ಬಳಸಿದರು, ಬಾಮ್ ಮತ್ತು ಗ್ರೀನ್‌ವುಡ್ 1958ರಲ್ಲಿ ಬಿ-ಸ್ಕ್ಯಾನ್ ತಂದರು. ಆದರೆ ಮುಂಭಾಗವನ್ನು ಸೂಕ್ಷ್ಮದರ್ಶಕದಂತೆ ತೋರಿಸುವ ಅಲ್ಟ್ರಾಸೌಂಡ್ ಬಯೋಮೈಕ್ರೋಸ್ಕೋಪಿ ರೂಪುಗೊಂಡದ್ದು 1990ರ ಸುಮಾರಿಗೆ, ಟೊರೊಂಟೊದಲ್ಲಿ ಪಾವ್ಲಿನ್, ಶೆರಾರ್ ಮತ್ತು ಫಾಸ್ಟರ್ ಅವರ ಕೈಯಲ್ಲಿ.

ನಮ್ಮ ಉದಾಹರಣೆಗೆ ಆಳ 4 ಮಿಲಿಮೀಟರ್, ಬೇಕಾದ ವಿವರ 30 ಮೈಕ್ರಾನ್ ಎಂದು ಬರೆದುಕೊಳ್ಳೋಣ.

ಹಂತ 2: ಆವರ್ತನ ಮತ್ತು ಬ್ಯಾಂಡ್‌ವಿಡ್ತ್

ಅಲೆ ಸಾಗುವ ದಿಕ್ಕಿನಲ್ಲಿ ಎರಡು ಪದರಗಳನ್ನು ಬೇರ್ಪಡಿಸಿ ತೋರಿಸುವ ಶಕ್ತಿ ನಿಂತಿರುವುದು ಬ್ಯಾಂಡ್‌ವಿಡ್ತ್, ಅಂದರೆ ಅಂಶ ಕೆಲಸ ಮಾಡುವ ಆವರ್ತನಗಳ ಪಟ್ಟಿಯ ಅಗಲದ ಮೇಲೆ. ಶಬ್ದದ ವೇಗವನ್ನು ಬ್ಯಾಂಡ್‌ವಿಡ್ತ್‌ನ ಎರಡರಷ್ಟರಿಂದ ಭಾಗಿಸಿದರೆ ಅದರ ಅಂದಾಜು ಸಿಗುತ್ತದೆ. 30 ಮೈಕ್ರಾನ್ ಬೇಕಾದರೆ ಸುಮಾರು 25 ಮೆಗಾಹರ್ಟ್ಸ್ ಅಗಲದ ಪಟ್ಟಿ ಬೇಕು. ಕೇಂದ್ರ ಆವರ್ತನ 50 ಮೆಗಾಹರ್ಟ್ಸ್ ಆಗಿದ್ದು ಬ್ಯಾಂಡ್‌ವಿಡ್ತ್ ಅದರ ಶೇಕಡಾ 50ರಷ್ಟಿದ್ದರೆ ಇದು ಸಿಕ್ಕಂತಾಯಿತು. ಕೇಂದ್ರ ಆವರ್ತನವನ್ನು 70ಕ್ಕೆ ಏರಿಸಿ ಬ್ಯಾಂಡ್‌ವಿಡ್ತ್ ಅನ್ನು ಶೇಕಡಾ 30ಕ್ಕೆ ಇಳಿಸಿಕೊಂಡವರಿಗೆ ಅಕ್ಷೀಯ ಸೂಕ್ಷ್ಮತೆಯಲ್ಲಿ ದಕ್ಕುವುದು ಏನೂ ಇಲ್ಲ, ಕ್ಷೀಣತೆ ಮಾತ್ರ ಇಮ್ಮಡಿಯಾಗುತ್ತದೆ. ಅದಕ್ಕಾಗಿಯೇ ಮುಂದೆ ಪದರಗಳ ಬಗ್ಗೆ ಇಷ್ಟು ವಿವರವಾಗಿ ಹೇಳಬೇಕಾಗಿದೆ.

ಹಂತ 3: ಅಗಲ ಮತ್ತು ಸಂಗಮದೂರ

50 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ ಸುಮಾರು 31 ಮೈಕ್ರಾನ್. ಅಡ್ಡ ದಿಕ್ಕಿನ ಸೂಕ್ಷ್ಮತೆ ಎಂದರೆ ತರಂಗಾಂತರವನ್ನು ಎಫ್-ಸಂಖ್ಯೆಯಿಂದ ಗುಣಿಸಿದಷ್ಟು. ಎಫ್-ಸಂಖ್ಯೆ ಎಂದರೆ ಸಂಗಮದೂರವನ್ನು (ಶಬ್ದದ ಕಿರಣ ಒಂದೆಡೆ ಕೂಡುವ ದೂರವನ್ನು) ಅಂಶದ ವ್ಯಾಸದಿಂದ ಭಾಗಿಸಿದ್ದು. ಚಿತ್ರ ಸ್ಪಷ್ಟವಾಗಿರುವ ಆಳದ ವ್ಯಾಪ್ತಿ ತರಂಗಾಂತರದ ಸುಮಾರು ಏಳರಷ್ಟನ್ನು ಎಫ್-ಸಂಖ್ಯೆಯ ವರ್ಗದಿಂದ ಗುಣಿಸಿದಷ್ಟು. ಈ ‘ವರ್ಗ’ವೇ ವಿನ್ಯಾಸಕಾರನಿಗೆ ಕಷ್ಟ ಕೊಡುವುದು. ಎಫ್-ಸಂಖ್ಯೆ 2 ಆದರೆ ಅಡ್ಡ ಸೂಕ್ಷ್ಮತೆ 62 ಮೈಕ್ರಾನ್, ಆದರೆ ಸ್ಪಷ್ಟ ವ್ಯಾಪ್ತಿ 0.9 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಕಾರ್ನಿಯಾ ಸ್ಪಷ್ಟವಾದಾಗ ಐರಿಸ್ ಮಸುಕಾಗುತ್ತದೆ. ಎಫ್-ಸಂಖ್ಯೆ 2.5 ಆದರೆ 77 ಮೈಕ್ರಾನ್ ಮತ್ತು ಸುಮಾರು 1.35 ಮಿಲಿಮೀಟರ್. ಕೋನದ ಭಾಗವೇ ಮುಖ್ಯವಾಗಿರುವ ಈ ಉದಾಹರಣೆಗೆ ನಾನು ಎರಡನೆಯದನ್ನೇ ಆರಿಸುತ್ತೇನೆ: ವ್ಯಾಸ 4 ಮಿಲಿಮೀಟರ್, ಸಂಗಮದೂರ 10 ಮಿಲಿಮೀಟರ್. ಕಾರ್ನಿಯಾದ ಮುಂದೆ 6ರಿಂದ 7 ಮಿಲಿಮೀಟರ್ ನೀರಿನ ಅಂತರ ಉಳಿಯುವುದರಿಂದ ಚಲಿಸುವ ಅಂಶ ಕಣ್ಣಿಗೆ ತಗಲುವ ಭಯವೂ ಇರುವುದಿಲ್ಲ.

ಸೂಕ್ಷ್ಮತೆಯನ್ನೂ ಆಳವನ್ನೂ ಒಟ್ಟಿಗೆ ಪಡೆಯಲೇಬೇಕೆಂದಿದ್ದರೆ ದಾರಿ ಉಂಗುರಗಳ ಅರೇ. ಒಂದು ವೃತ್ತವನ್ನು ಸಮಾನ ವಿಸ್ತೀರ್ಣದ ಏಕಕೇಂದ್ರ ಉಂಗುರಗಳಾಗಿ ವಿಂಗಡಿಸಿ, ಪ್ರತಿಯೊಂದರ ಸಂಕೇತಕ್ಕೂ ಬೇರೆ ಬೇರೆ ವಿಳಂಬ ಕೊಟ್ಟು ಕೂಡಿಸಿದರೆ ಸಂಗಮಬಿಂದುವನ್ನು ಆಳದುದ್ದಕ್ಕೂ ಸರಿಸಬಹುದು. ಉಂಗುರಗಳ ನಡುವಿನ ಅಂತರವನ್ನು ಕಡೆಗಣಿಸಿದರೆ, 3 ಮಿಲಿಮೀಟರ್ ತ್ರಿಜ್ಯದ ವೃತ್ತವನ್ನು ಐದು ಸಮ ಉಂಗುರಗಳಾಗಿಸುವಾಗ ಹೊರ ತ್ರಿಜ್ಯಗಳು 1.34, 1.90, 2.32, 2.68 ಮತ್ತು 3.0 ಮಿಲಿಮೀಟರ್ ಬರುತ್ತವೆ. ಕೆಟರ್ಲಿಂಗ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ 40 ಮೆಗಾಹರ್ಟ್ಸ್ ವಿನ್ಯಾಸ ಇದೇ ಮಾದರಿಯದು. ಅದರಲ್ಲಿ 9 ಮೈಕ್ರಾನ್ ದಪ್ಪದ ಪೀಜೋ (ವಿದ್ಯುತ್ತು ಕೊಟ್ಟರೆ ಮಿಡಿಯುವ, ಒತ್ತಿದರೆ ವಿದ್ಯುತ್ತು ಕೊಡುವ) ಪಾಲಿಮರ್ ಹಾಳೆ ಬಳಕೆಯಾಗಿತ್ತು. ಮೊದಲ ಬಾರಿಗೆ ಕೈಹಾಕುವವರು ಮಾತ್ರ ಒಂಟಿ ಅಂಶದಿಂದಲೇ ಶುರುಮಾಡಲಿ. ಅದರಲ್ಲಿ ಬರುವ ತಪ್ಪುಗಳನ್ನು ಗುರುತಿಸಲು ಕಲಿಯದೆ ಐದು ಉಂಗುರಗಳ ತಪ್ಪುಗಳನ್ನು ಬಿಡಿಸುವುದು ಬಲು ಕಷ್ಟ.

ಹಂತ 4: ವಸ್ತುವನ್ನು ವಿದ್ಯುತ್ ಲೆಕ್ಕದಿಂದ ಆರಿಸಿ

ಇಲ್ಲಿಯೇ ಹೆಚ್ಚಿನ ವಿನ್ಯಾಸಗಳು ದಾರಿ ತಪ್ಪುತ್ತವೆ. ಪೀಜೋ ವಸ್ತುವಿನ ಹೆಚ್ಚುಗಾರಿಕೆಯನ್ನು ಸಂಯೋಜನಾ ಗುಣಾಂಕವೊಂದರಿಂದಲೇ (ವಿದ್ಯುತ್ ಶಕ್ತಿ ಎಷ್ಟು ಚೆನ್ನಾಗಿ ಮಿಡಿತವಾಗುತ್ತದೆ ಎಂಬುದರ ಅಳತೆಯಿಂದಲೇ) ಅಳೆದು ಪಿಜಡ್‌ಟಿ ಎಂಬ ಪೀಜೋ ಸೆರಾಮಿಕ್ ಅನ್ನು ಎತ್ತಿಕೊಂಡುಬಿಡುತ್ತಾರೆ. ದಪ್ಪ ದಿಕ್ಕಿನ ಸಂಯೋಜನಾ ಗುಣಾಂಕ ಪಿಜಡ್‌ಟಿ-5ಎಚ್‌ಗೂ 36 ಡಿಗ್ರಿ ತಿರುಗಿಸಿ ಕತ್ತರಿಸಿದ ಲಿಥಿಯಂ ನಿಯೋಬೇಟ್‌ಗೂ ಸುಮಾರು 0.5, ಧ್ವನಿ ಇಂಪೀಡೆನ್ಸ್ (ಶಬ್ದದಲೆಗೆ ವಸ್ತು ಒಡ್ಡುವ ತಡೆ; ಅದರ ಮಾನ ಮೆಗಾರೇಲ್) ಕೂಡ ಎರಡಕ್ಕೂ 34 ಮೆಗಾರೇಲ್ ಸುಮಾರು. ವ್ಯತ್ಯಾಸವಿರುವುದು ಪರಾವೈದ್ಯುತ ಸ್ಥಿರಾಂಕದಲ್ಲಿ, ಅಂದರೆ ವಸ್ತು ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯದಲ್ಲಿ: ಒಂದಕ್ಕೆ ಸುಮಾರು 1400, ಇನ್ನೊಂದಕ್ಕೆ ಬರೀ 39.

ಲೆಕ್ಕ ಹಾಕಿ ನೋಡೋಣ. 50 ಮೆಗಾಹರ್ಟ್ಸ್‌ಗೆ ಅರ್ಧ ತರಂಗಾಂತರದ ದಪ್ಪ ಬೇಕು. ಪಿಜಡ್‌ಟಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 4560 ಮೀಟರ್ ಆದ್ದರಿಂದ ದಪ್ಪ 46 ಮೈಕ್ರಾನ್. ಲಿಥಿಯಂ ನಿಯೋಬೇಟ್‌ನಲ್ಲಿ ವೇಗ ಸುಮಾರು 7340 ಮೀಟರ್ ಆದ್ದರಿಂದ ದಪ್ಪ 73 ಮೈಕ್ರಾನ್. 4 ಮಿಲಿಮೀಟರ್ ವ್ಯಾಸದ ಬಿಲ್ಲೆಯ ಧಾರಕತೆ ಪಿಜಡ್‌ಟಿಯಲ್ಲಿ ಸುಮಾರು 3.4 ನ್ಯಾನೋಫ್ಯಾರಡ್ ಬರುತ್ತದೆ; 50 ಮೆಗಾಹರ್ಟ್ಸ್‌ನಲ್ಲಿ ಅದರ ಪ್ರತಿರೋಧ ಸುಮಾರು 1 ಓಮ್. ಅದನ್ನು 50 ಓಮ್‌ನ ಕೇಬಲ್‌ಗೆ ಹೊಂದಿಸುವುದು ಹೆಚ್ಚುಕಡಿಮೆ ಶಾರ್ಟ್ ಸರ್ಕ್ಯೂಟ್ ಆಗಿ ಹೋದ ತಂತಿಗೆ ಶಕ್ತಿ ತುಂಬಲು ಯತ್ನಿಸಿದಂತೆ. ಅದೇ ಬಿಲ್ಲೆ ಲಿಥಿಯಂ ನಿಯೋಬೇಟ್‌ನದಾದರೆ ಧಾರಕತೆ 60 ಪಿಕೋಫ್ಯಾರಡ್, ಪ್ರತಿರೋಧ ಸುಮಾರು 53 ಓಮ್. ಯಾವ ಹೆಚ್ಚಿನ ಸರ್ಕ್ಯೂಟೂ ಇಲ್ಲದೆ ಹೊಂದಾಣಿಕೆ ತಾನಾಗಿಯೇ ಒದಗಿಬರುತ್ತದೆ. ಜೊತೆಗೆ ಅದರ ಪದರ ದಪ್ಪವಾಗಿರುವುದರಿಂದ ಉಜ್ಜುವ ಕೆಲಸವೂ ಸ್ವಲ್ಪ ಸಲೀಸು.

ಇದೇ ಲೆಕ್ಕ ಸಣ್ಣ ಅಂಶಕ್ಕೆ ಬಂದಾಗ ತಲೆಕೆಳಗಾಗುತ್ತದೆ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಸೂಜಿಯ ಮೂಲಕ ಕಣ್ಣಿನೊಳಗೆ ಇಳಿಸಿ ರೆಟಿನಾದ ರಕ್ತನಾಳದ ಹರಿವನ್ನು ಅಳೆಯುವ ಟ್ರಾನ್ಸ್‌ಡ್ಯೂಸರ್‌ನ ಮುಖ 0.4 ಮಿಲಿಮೀಟರ್ ಚೌಕ ಎಂದುಕೊಳ್ಳಿ. 45 ಮೆಗಾಹರ್ಟ್ಸ್‌ನಲ್ಲಿ ಲಿಥಿಯಂ ನಿಯೋಬೇಟ್ ಅಲ್ಲಿ 5000 ಓಮ್ ಮೀರುತ್ತದೆ. ಪರಾವೈದ್ಯುತ ಸ್ಥಿರಾಂಕ 800ರ ಆಸುಪಾಸಿನಲ್ಲಿರುವ ಪಿಎಂಎನ್-ಪಿಟಿ ಎಂಬ ಏಕಸ್ಫಟಿಕ 160 ಓಮ್ ಸುತ್ತ ನಿಲ್ಲುತ್ತದೆ. ಆದ್ದರಿಂದ ವಸ್ತುವಿನ ಆಯ್ಕೆ ಅಂಶದ ವಿಸ್ತೀರ್ಣ ಗೊತ್ತಾದ ಮೇಲಿನ ಮಾತು. ಪಾಲಿಮರ್ ಹಾಳೆಗಳ ಇಂಪೀಡೆನ್ಸ್ 4ರಿಂದ 4.5 ಮೆಗಾರೇಲ್ ಅಷ್ಟೇ ಇರುವುದರಿಂದ ನೀರಿಗೆ ಸಹಜವಾಗಿ ಹೊಂದುತ್ತವೆ, ಬಾಗಿಸಲೂ ಸುಲಭ; ಆದರೆ ಸಂಯೋಜನಾ ಗುಣಾಂಕ 0.3 ಮೀರುವುದು ಕಡಿಮೆ, ಹಾಗಾಗಿ ಸಂಕೇತ ದುರ್ಬಲ.

ಹಂತ 5: ಮುಂದಿನ ಮತ್ತು ಹಿಂದಿನ ಪದರಗಳು

34 ಮೆಗಾರೇಲ್‌ನ ಸ್ಫಟಿಕದಿಂದ 1.5 ಮೆಗಾರೇಲ್‌ನ ನೀರಿಗೆ ನೇರವಾಗಿ ದಾಟಲು ಬಿಟ್ಟರೆ ಶಕ್ತಿಯ ಬಹುಪಾಲು ಒಳಗೇ ಪ್ರತಿಫಲಿಸಿ ದೀರ್ಘಕಾಲ ಅನುರಣಿಸುತ್ತದೆ, ಮತ್ತು ಆ ಅನುರಣನವೇ ಬ್ಯಾಂಡ್‌ವಿಡ್ತ್ ಅನ್ನು ತಿಂದುಹಾಕುತ್ತದೆ. ನಡುವೆ ಕಾಲು ತರಂಗಾಂತರದ ಎರಡು ಪದರಗಳನ್ನು ಇಡುವುದು ಇದಕ್ಕೆ ಪರಿಹಾರ. 1978ರಲ್ಲಿ ಡೆಸಿಲೆಟ್ಸ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಂತೆ, ಮೊದಲ ಪದರದ ಇಂಪೀಡೆನ್ಸ್ ಎಂದರೆ ಸ್ಫಟಿಕದ ಇಂಪೀಡೆನ್ಸ್‌ನ 4/7 ಘಾತ ಮತ್ತು ನೀರಿನದರ 3/7 ಘಾತಗಳ ಗುಣಲಬ್ಧ; ಎರಡನೆಯದಕ್ಕೆ ಈ ಘಾತಗಳು 1/7 ಮತ್ತು 6/7. ಲೆಕ್ಕಕ್ಕೆ 8.9 ಮತ್ತು 2.3 ಮೆಗಾರೇಲ್ ಬರುತ್ತವೆ. ಕೈಗೆ ಸಿಗುವ ವಸ್ತುಗಳಲ್ಲಿ ಇವಕ್ಕೆ ಹತ್ತಿರದವು ಬೆಳ್ಳಿಯ ಸೂಕ್ಷ್ಮ ಕಣಗಳನ್ನು ಬೆರೆಸಿದ ಎಪಾಕ್ಸಿ, ಸುಮಾರು 7.3 ಮೆಗಾರೇಲ್, ಮತ್ತು ಪ್ಯಾರಿಲೀನ್ ಎಂಬ ಪ್ಲಾಸ್ಟಿಕ್, ಸುಮಾರು 2.6. ಬೆಳ್ಳಿ ಎಪಾಕ್ಸಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1900 ಮೀಟರ್ ಆದ್ದರಿಂದ ದಪ್ಪ 9.5 ಮೈಕ್ರಾನ್, ಪ್ಯಾರಿಲೀನ್‌ನಲ್ಲಿ ಸುಮಾರು 2350 ಮೀಟರ್, ದಪ್ಪ 12 ಮೈಕ್ರಾನ್‌ಗೆ ತುಸು ಕಡಿಮೆ.

9.5 ಮೈಕ್ರಾನ್ ಎಂಬ ಸಂಖ್ಯೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು. 5 ಮೆಗಾಹರ್ಟ್ಸ್‌ನ ಟ್ರಾನ್ಸ್‌ಡ್ಯೂಸರ್‌ನಲ್ಲಿ ಪದರಗಳನ್ನು ಅಂಟಿಸುವ ಕೆಲವೇ ಮೈಕ್ರಾನ್‌ನ ಅಂಟನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ 3 ಮೈಕ್ರಾನ್ ಅಂಟು ಬಂದರೆ ಅದೇ ಒಂದು ಪದರವಾಗಿ ಕುಳಿತು ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ಆದ್ದರಿಂದ ಪದರಗಳನ್ನು ಬೇರೆಡೆ ಮಾಡಿ ತಂದು ಅಂಟಿಸುವ ಯೋಚನೆಯನ್ನೇ ಬಿಡಬೇಕು. ಪ್ರತಿಯೊಂದನ್ನೂ ಸ್ಫಟಿಕದ ಮೇಲೆಯೇ ಎರೆದು, ಗಟ್ಟಿಯಾದ ಮೇಲೆ ಉಜ್ಜಿ ದಪ್ಪಕ್ಕೆ ತರಬೇಕು.

ಹಿಂಬದಿಗೆ ಸುಮಾರು 6 ಮೆಗಾರೇಲ್‌ನ ವಿದ್ಯುತ್ ವಾಹಕ ಎಪಾಕ್ಸಿ ಹೊಂದುತ್ತದೆ. ಅದು ಹಿಂದಕ್ಕೆ ಹೋದ ಅಲೆಯನ್ನು ನುಂಗುತ್ತದೆ, ತಾನೇ ತಂತಿಯ ಕೆಲಸವನ್ನೂ ಮಾಡುತ್ತದೆ. ಇನ್ನೂ ಭಾರವಾದ ಹಿಂಬದಿಯಿಂದ ನಾಡಿ (ಒಮ್ಮೆಗೆ ಹೊರಡುವ ಕಿರು ಶಬ್ದದಲೆ) ಚಿಕ್ಕದಾಗುತ್ತದೆ ನಿಜ, ಆದರೆ ಸಂವೇದನೆ ಬಿದ್ದುಹೋಗುತ್ತದೆ. ಕಣ್ಣಿನ ದುರ್ಬಲ ಪ್ರತಿಧ್ವನಿಗಳ ಮುಂದೆ ಆ ವಿನಿಮಯ ನನಗೆ ಒಪ್ಪಿಗೆಯಿಲ್ಲ.

ಇಷ್ಟಾದ ಮೇಲೆ ಎಲ್ಲ ಸಂಖ್ಯೆಗಳನ್ನೂ ಕೆಎಲ್‌ಎಂ ಮಾದರಿಗೆ ಉಣಿಸಿ. 1970ರಲ್ಲಿ ಕ್ರಿಮ್‌ಹೋಲ್ಟ್ಜ್, ಲೀಡಮ್ ಮತ್ತು ಮತ್ತಾಯ್ ರೂಪಿಸಿದ ಈ ಸಮಾನ ಸರ್ಕ್ಯೂಟ್ ಮಾದರಿ ಪ್ರತಿಧ್ವನಿಯ ಆಕಾರವನ್ನೂ ಬ್ಯಾಂಡ್‌ವಿಡ್ತ್ ಅನ್ನೂ ಮೊದಲೇ ತೋರಿಸಿಕೊಡುತ್ತದೆ. ಪದರಗಳ ಹೊರೆಯಿಂದ ಕೇಂದ್ರ ಆವರ್ತನ ಲೆಕ್ಕಕ್ಕಿಂತ ಕೆಳಗೆ ಇಳಿಯುವುದು ಇಲ್ಲಿ ಕಾಣುತ್ತದೆ. ಅದಕ್ಕೆ ತಕ್ಕಂತೆ ಸ್ಫಟಿಕವನ್ನು ತುಸು ತೆಳುವಾಗಿಸಿಕೊಳ್ಳಿ. ಕಿರಣದ ಆಕಾರವನ್ನು ಫೀಲ್ಡ್ 2 ತಂತ್ರಾಂಶದಲ್ಲಿ ನೋಡಬಹುದು.

ಹಂತ 6: ತಯಾರಿಕೆ

ಸ್ಫಟಿಕದ ಫಲಕವನ್ನು ಮೇಣದಿಂದ ಗಾಜಿನ ಮೇಲೆ ಕೂರಿಸಿ, ಒಂದು ಮುಖವನ್ನು ಸಮತಟ್ಟಾಗಿಸಿ, ತೆಳುವಾದ ಕ್ರೋಮಿಯಂ ಮತ್ತು ಅದರ ಮೇಲೆ ಚಿನ್ನದ ಲೇಪನ ಕೊಡಿ. ಕ್ರೋಮಿಯಂ ಇಲ್ಲದೆ ಚಿನ್ನ ನಿಲ್ಲುವುದಿಲ್ಲ. ಅದರ ಮೇಲೆ ಬೆಳ್ಳಿ ಎಪಾಕ್ಸಿಯನ್ನು ಎರೆದು, ಕಣಗಳು ಒತ್ತೊತ್ತಾಗಿ ಕೂರುವಂತೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಗಟ್ಟಿಯಾದ ಮೇಲೆ 9.5 ಮೈಕ್ರಾನ್‌ಗೆ ಉಜ್ಜಿ. ಫಲಕವನ್ನು ಮಗುಚಿ ಮತ್ತೆ ಮೇಣದಿಂದ ಕೂರಿಸಿ, ಈ ಬಾರಿ ಸ್ಫಟಿಕವನ್ನೇ ಗುರಿಯ ದಪ್ಪಕ್ಕೆ ಇಳಿಸಬೇಕು.

ಈ ಎರಡನೆಯ ಮೇಣದ ಕೂರಿಕೆಯಲ್ಲೇ ಹೆಚ್ಚು ಫಲಕಗಳು ಹಾಳಾಗುವುದು. ನಾನು ಮೊದಲ ಸಲ ಮಾಡಿದಾಗ ಮೇಣ ಒಂದು ಬದಿಗೆ ತುಸು ದಪ್ಪವಾಗಿ ಉಳಿದಿತ್ತು. ಬರಿಗಣ್ಣಿಗೆ ಏನೂ ತೋರಲಿಲ್ಲ. ಬಿಲ್ಲೆಯ ಒಂದು ಅಂಚು 73 ಮೈಕ್ರಾನ್‌ಗೆ ಬಂದಾಗ ಎದುರಿನ ಅಂಚು ಇನ್ನೂ 78ರಲ್ಲಿತ್ತು. ಐದು ಮೈಕ್ರಾನ್ ಎಂದರೆ ಒಂದು ಅಂಚು 50 ಮೆಗಾಹರ್ಟ್ಸ್‌ಗೆ ಮಿಡಿಯುವಾಗ ಇನ್ನೊಂದು 47ಕ್ಕೆ ಮಿಡಿಯುತ್ತದೆ. ಚೂಪಾಗಿ ಮುಗಿಯಬೇಕಿದ್ದ ಪ್ರತಿಧ್ವನಿಗೆ ಉದ್ದನೆಯ ಬಾಲ ಬೆಳೆದಿತ್ತು. ಅಂದಿನಿಂದ ಮೇಣ ಕರಗಿದಾಗ ಮೇಲೆ ಸಮನಾಗಿ ತೂಕ ಹೇರಿ ತಣಿಯಲು ಬಿಡುತ್ತೇನೆ, ತಣಿದ ಮೇಲೆ ನಾಲ್ಕು ಅಂಚು ಮತ್ತು ನಡು ಹೀಗೆ ಐದು ಕಡೆ ಎತ್ತರ ಅಳೆಯುತ್ತೇನೆ. ಒಂದೆರಡು ಮೈಕ್ರಾನ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕರಗಿಸಿ ಮತ್ತೆ ಕೂರಿಸುವುದೇ ಸರಿ. ಉಜ್ಜುತ್ತಾ ಸರಿಮಾಡಿಕೊಳ್ಳುತ್ತೇನೆಂಬುದು ಆಗದ ಮಾತು.

ಮುಂದಿನ ಕೆಲಸಗಳು ನೇರ. ಹಿಂಬದಿಗೆ ಚಿನ್ನದ ಲೇಪನ ಕೊಟ್ಟು ವಾಹಕ ಎಪಾಕ್ಸಿಯನ್ನು ಎರೆಯಿರಿ, ಇದನ್ನೂ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಗುಳ್ಳೆ ತೆಗೆಯಿರಿ. ಲೇತ್‌ನಲ್ಲಿ 4 ಮಿಲಿಮೀಟರ್‌ಗೆ ತಿರುಗಿಸಿ, ಹಿತ್ತಾಳೆಯ ಕೊಳವೆಯೊಳಗೆ ಕೂರಿಸಿ, ಸುತ್ತಲಿನ ಸಂದಿಗೆ ವಿದ್ಯುತ್ ನಿರೋಧಕ ಎಪಾಕ್ಸಿ ತುಂಬಿ.

ಸಂಗಮಕ್ಕಾಗಿ ಮುಖವನ್ನು ಬಾಗಿಸಲು ಹಿಂಬದಿಯ ಎಪಾಕ್ಸಿ ಮೆದುವಾಗುವಷ್ಟು ಬಿಸಿಮಾಡಿ, 20 ಮಿಲಿಮೀಟರ್ ವ್ಯಾಸದ ನುಣುಪಾದ ಉಕ್ಕಿನ ಗುಂಡನ್ನು ಮುಖದ ಮೇಲೆ ನಿಧಾನವಾಗಿ ಒತ್ತಬೇಕು. ಗುಂಡಿನ ತ್ರಿಜ್ಯ 10 ಮಿಲಿಮೀಟರ್ ಇರುವುದರಿಂದ ಸಂಗಮದೂರವೂ ಅಷ್ಟೇ ಬರುತ್ತದೆ. ನಡುಭಾಗ ತಗ್ಗುವುದು ಬರೀ 0.2 ಮಿಲಿಮೀಟರ್. ಆದರೂ ಲಿಥಿಯಂ ನಿಯೋಬೇಟ್ ಬಲು ಬಿರುಸು, ಅವಸರಪಟ್ಟರೆ ಬಿರುಕು ಖಚಿತ. ಕೂದಲೆಳೆಯ ಬಿರುಕುಗಳು ಬಿದ್ದರೂ ಹಿಂಬದಿ ತುಂಡುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಂಶ ಎಷ್ಟೋ ಸಲ ಕೆಲಸ ಮಾಡುತ್ತದೆ, ಹಾಗಾಗಿ ಪರೀಕ್ಷಿಸದೆ ಎಸೆಯಬೇಡಿ. ಬದಲಿಗೆ ಎಪಾಕ್ಸಿಯ ಮಸೂರ ಕೂರಿಸಬಹುದು. ಎಪಾಕ್ಸಿಯಲ್ಲಿ ಶಬ್ದ ನೀರಿಗಿಂತ ವೇಗವಾಗಿ ಚಲಿಸುವುದರಿಂದ ಆ ಮಸೂರ ನಿಮ್ನವಾಗಿರಬೇಕು. ಆದರೆ 50 ಮೆಗಾಹರ್ಟ್ಸ್‌ನಲ್ಲಿ ಎಪಾಕ್ಸಿಯ ಕ್ಷೀಣತೆ ದೊಡ್ಡದು, ಅದೂ ಅಂಚಿನ ದಪ್ಪಭಾಗದಲ್ಲಿ.

ಕೊನೆಗೆ ಮುಖಕ್ಕೂ ಹಿತ್ತಾಳೆಗೂ ಸೇರಿಸಿ ಚಿನ್ನ ಲೇಪಿಸಿದರೆ ಭೂಸಂಪರ್ಕ ಪೂರ್ಣವಾಗುತ್ತದೆ. ಪ್ಯಾರಿಲೀನ್ ಆವಿಯ ರೂಪದಲ್ಲಿ ಕೋಣೆಯ ಉಷ್ಣತೆಯಲ್ಲೇ ಕೂರುತ್ತದೆ, ಬಾಗಿದ ಮುಖದ ಮೇಲೂ ಒಂದೇ ದಪ್ಪ ಕೊಡುತ್ತದೆ. ಎರಡನೆಯ ಪದರವೂ ಅದೇ, ನೀರಿನಿಂದ ರಕ್ಷಣೆಯೂ ಅದೇ.

ಹಂತ 7: ಕೇಬಲ್

ಕೇಬಲ್ಲಿನಲ್ಲಿ 50 ಮೆಗಾಹರ್ಟ್ಸ್ ಸಂಕೇತದ ತರಂಗಾಂತರ ಸುಮಾರು 4 ಮೀಟರ್. ಅಂದರೆ 1 ಮೀಟರ್ ಕೇಬಲ್ ಕಾಲು ತರಂಗಾಂತರವಾಗಿ ತಾನೇ ಇಂಪೀಡೆನ್ಸ್ ಬದಲಿಸುವ ಸಾಧನವಾಗಿಬಿಡುತ್ತದೆ. 50 ಓಮ್‌ಗೆ ಹೊಂದದ ಅಂಶವಿದ್ದಾಗ ಕೇಬಲ್ ಬದಲಿಸಿದೊಡನೆ ಬ್ಯಾಂಡ್‌ವಿಡ್ತ್ ಬದಲಾಗುವುದು ಇದರಿಂದಲೇ. ಕೇಬಲ್ಲಿನ ಉದ್ದವನ್ನು ಮಾದರಿಯಲ್ಲೇ ಸೇರಿಸಿ, ಪರೀಕ್ಷೆಯಲ್ಲೂ ಬಳಕೆಯಲ್ಲೂ ಅದೇ ಉದ್ದ ಇಟ್ಟುಕೊಳ್ಳಿ.

ಹಂತ 8: ಪರೀಕ್ಷೆ

ಗಾಳಿ ತೆಗೆದ ಶುದ್ಧ ನೀರಿನಲ್ಲಿ, ಸಂಗಮಬಿಂದುವಿನಲ್ಲಿ ನುಣುಪಾದ ಕ್ವಾರ್ಟ್ಜ್ ಫಲಕವಿಟ್ಟು ಪ್ರತಿಧ್ವನಿಯನ್ನು ದಾಖಲಿಸಿ. ಫಲಕವನ್ನು ಓರೆ ಮಾಡುತ್ತಾ ಸಂಕೇತ ಗರಿಷ್ಠವಾಗುವ ಸ್ಥಿತಿ ಹುಡುಕಲು ಸಮಯ ಕೊಡಿ. ನಷ್ಟದ ಲೆಕ್ಕದಲ್ಲಿ ಕ್ವಾರ್ಟ್ಜ್‌ನ ಅಪೂರ್ಣ ಪ್ರತಿಫಲನಕ್ಕೆ 1.9 ಡೆಸಿಬೆಲ್, 20 ಮಿಲಿಮೀಟರ್ ನೀರಿನ ದಾರಿಗೆ ಸುಮಾರು 11 ಡೆಸಿಬೆಲ್ ಕಳೆಯಬೇಕು. ಇದನ್ನು ಮರೆತರೆ ಒಳ್ಳೆಯ ಅಂಶವೂ ಕೆಟ್ಟದ್ದೆಂದು ತೋರುತ್ತದೆ. ಪ್ರತಿಧ್ವನಿಯ ಬಾಲವನ್ನು ಗಮನವಿಟ್ಟು ಓದಿ. ಮುಖ್ಯ ನಾಡಿಯ ನಂತರ ನಿರ್ದಿಷ್ಟ ಅಂತರದಲ್ಲಿ ಬೇರೆಯಾಗಿ ಕಾಣುವ ಸಣ್ಣ ಪ್ರತಿಧ್ವನಿಗೆ ಹಿಂಬದಿಯ ಗುಳ್ಳೆ ಅಥವಾ ಅದರ ತುದಿಯಿಂದ ಮರಳಿದ ಅಲೆ ಕಾರಣವಾಗಿರಬಹುದು; ನಾಡಿಗೇ ಅಂಟಿಕೊಂಡ ಉದ್ದನೆಯ ಅನುರಣನ ಪದರದ ದಪ್ಪ ತಪ್ಪಿದ್ದರ ಗುರುತು.

ನಂತರ 20 ಮೈಕ್ರಾನ್ ಅಥವಾ ಅದಕ್ಕಿಂತ ತೆಳುವಾದ ಟಂಗ್‌ಸ್ಟನ್ ತಂತಿಗಳನ್ನು ಬೇರೆ ಬೇರೆ ಆಳಗಳಲ್ಲಿ ಕಟ್ಟಿ ಚಿತ್ರ ತೆಗೆಯಿರಿ. ಅಡ್ಡ ಅಗಲ 77 ಮೈಕ್ರಾನ್‌ಗೆ ಹತ್ತಿರ ಬಂದರೆ ಬಾಗುವಿಕೆ ಸರಿಯಾಗಿದೆ. ತಂತಿಗಳ ನಂತರ ಹೊಸದಾಗಿ ತೆಗೆದ ಹಂದಿಯ ಕಣ್ಣು ಒಳ್ಳೆಯ ಮಾದರಿ. ಶುದ್ಧ ನೀರಿನಲ್ಲಿ ಕಾರ್ನಿಯಾ ಊದಿಕೊಳ್ಳುವುದರಿಂದ ಅದನ್ನು ಲವಣದ್ರಾವಣದಲ್ಲೇ ಇಡಬೇಕು. ಕಾರ್ನಿಯಾ ಕನ್ನಡಿಯಂತೆ ಪ್ರತಿಫಲಿಸುವುದರಿಂದ ಕಿರಣ ಲಂಬವಾಗಿ ಬಿದ್ದ ಭಾಗವಷ್ಟೇ ಹೊಳೆಯುತ್ತದೆ, ಇಳಿಜಾರು ಮಾಯವಾಗುತ್ತದೆ. ನೇರ ಗೆರೆಯ ಬದಲು ಕಾರ್ನಿಯಾದ ವಕ್ರತೆಗೆ ತಕ್ಕ ಕಮಾನಿನಲ್ಲಿ ಟ್ರಾನ್ಸ್‌ಡ್ಯೂಸರ್ ಅನ್ನು ಚಲಿಸಿದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಹಂತ 9: ಸುರಕ್ಷತೆಯ ಅಳತೆ

ಮನುಷ್ಯರ ಕಣ್ಣಿನ ಹತ್ತಿರ ತರುವ ಮೊದಲು ಇದು ಮುಗಿದಿರಲೇಬೇಕು. ಮಸೂರದಲ್ಲಿ ರಕ್ತನಾಳಗಳಿಲ್ಲ, ಅಲ್ಲಿ ಹುಟ್ಟಿದ ಶಾಖವನ್ನು ಒಯ್ಯಲು ರಕ್ತದ ಹರಿವಿಲ್ಲ. ಹಾಗಾಗಿ ಕಣ್ಣಿಗೆ ವಿಧಿಸಿರುವ ಮಿತಿಗಳು ದೇಹದ ಬೇರೆ ಭಾಗಗಳಿಗಿಂತ ಬಹಳ ಬಿಗಿ. ಅಮೆರಿಕದ ಎಫ್‌ಡಿಎ (ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ) ಮಾರ್ಗಸೂಚಿಯಲ್ಲಿ ಕಾಲಾವಧಿಯ ಸರಾಸರಿ ತೀವ್ರತೆ ಚದರ ಸೆಂಟಿಮೀಟರಿಗೆ 50 ಮಿಲಿವ್ಯಾಟ್, ಯಾಂತ್ರಿಕ ಸೂಚ್ಯಂಕ 0.23, ಉಷ್ಣ ಸೂಚ್ಯಂಕ 1 ಮೀರಬಾರದು. ಯಾಂತ್ರಿಕ ಸೂಚ್ಯಂಕವೆಂದರೆ ಮೆಗಾಪ್ಯಾಸ್ಕಲ್‌ನಲ್ಲಿ ಅಳೆದ ಋಣ ಒತ್ತಡದ ಗರಿಷ್ಠವನ್ನು ಮೆಗಾಹರ್ಟ್ಸ್‌ನ ವರ್ಗಮೂಲದಿಂದ ಭಾಗಿಸಿದ್ದು. 50 ಮೆಗಾಹರ್ಟ್ಸ್‌ಗೆ ಅದು ಸುಮಾರು 1.6 ಮೆಗಾಪ್ಯಾಸ್ಕಲ್ ತನಕ ಅವಕಾಶ ಕೊಡುತ್ತದೆ.

ಈ ಮಿತಿಗಳಲ್ಲಿ ಅಂಗಾಂಶದ ಕ್ಷೀಣತೆಗೆಂದು ಸೆಂಟಿಮೀಟರಿಗೆ, ಮೆಗಾಹರ್ಟ್ಸ್‌ಗೆ 0.3 ಡೆಸಿಬೆಲ್‌ನಂತೆ ಕಳೆಯಲು ಅವಕಾಶವಿದೆ. 50 ಮೆಗಾಹರ್ಟ್ಸ್‌ನಲ್ಲಿ 1 ಸೆಂಟಿಮೀಟರಿಗೆ ಅದು 15 ಡೆಸಿಬೆಲ್. ಆದರೆ ನಮ್ಮ ಕಿರಣದ ದಾರಿಯ ಬಹುಭಾಗ ನೀರು, ಅಂಗಾಂಶವಲ್ಲ. ಅದರಿಂದ ಈ ರಿಯಾಯಿತಿಯನ್ನು ತೆಗೆದುಕೊಳ್ಳದೆ, ನೀರಿನಲ್ಲಿ ಅಳೆದ ಮೌಲ್ಯವೇ ಮಿತಿಯೊಳಗಿರುವಂತೆ ಪಲ್ಸರ್‌ನ (ಅಂಶಕ್ಕೆ ವಿದ್ಯುತ್ ನಾಡಿ ಕೊಡುವ ಉಪಕರಣದ) ವೋಲ್ಟೇಜ್ ಇಳಿಸಿಕೊಳ್ಳುವುದು ನನ್ನ ಪದ್ಧತಿ. ಅಳೆಯುವ ಹೈಡ್ರೋಫೋನ್‌ನ (ನೀರಿನೊಳಗಿನ ಶಬ್ದದ ಒತ್ತಡ ಅಳೆಯುವ ಮೈಕಿನ) ಸಂವೇದಕ 40 ಮೈಕ್ರಾನ್ ಅಥವಾ ಅದಕ್ಕೂ ಚಿಕ್ಕದಿರಲಿ. ಕಿರಣವೇ 77 ಮೈಕ್ರಾನ್ ಅಗಲವಿರುವಾಗ 200 ಮೈಕ್ರಾನ್‌ನ ಸಂವೇದಕ ಗರಿಷ್ಠ ಒತ್ತಡವನ್ನು ಸುತ್ತಲಿನ ಮೌನದೊಂದಿಗೆ ಬೆರೆಸಿ ಸರಾಸರಿ ಮಾಡಿಬಿಡುತ್ತದೆ, ಅಪಾಯದ ಮಟ್ಟದಲ್ಲಿರುವ ಟ್ರಾನ್ಸ್‌ಡ್ಯೂಸರ್ ಸುರಕ್ಷಿತವೆಂದು ದಾಖಲಾಗುತ್ತದೆ. ಪಲ್ಸರ್, ಕೇಬಲ್ ಅಥವಾ ನಾಡಿಗಳ ದರ, ಮೂರರಲ್ಲಿ ಯಾವುದು ಬದಲಾದರೂ ಈ ಅಳತೆಯನ್ನು ಮೊದಲಿನಿಂದ ಮತ್ತೆ ಮಾಡಬೇಕು.